ಐತಿಹಾಸಿಕ ಕಥೆಯ ಮೊದಲ ಪುಟ ಮತ್ತು ಅದರ ಮೊದಲ ಓದುಗ

ಐತಿಹಾಸಿಕ ಕಥೆಯನ್ನು ಬರೆಯಲು ಹೊರಟವರು ಮೊದಲ ಪುಟದಲ್ಲಿ ಹೊರಬೇಕಾದ ಹೊಣೆ, ಸಮಕಾಲೀನ ಬದುಕನ್ನು ಕುರಿತು ಬರೆಯುವವರ ಹೊಣೆಗಿಂತ ಹೆಚ್ಚಿನದು. ಇಂದಿನ ಕಥೆಯೊಂದರಲ್ಲಿ ಬಸ್ ನಿಲ್ದಾಣ ಅಥವಾ ತಾಲ್ಲೂಕು ಕಚೇರಿ ಎಂಬ ಮಾತು ಬಂದೊಡನೆ ಓದುಗರ ಮನಸ್ಸಿನಲ್ಲಿ ಚಿತ್ರ ತಾನಾಗಿ ಮೂಡುತ್ತದೆ. ಏಳುನೂರು ವರ್ಷಗಳ ಹಿಂದಿನ ರಾಜಧಾನಿಯ ಗಾಣಿಗರ ಬೀದಿಯನ್ನಾದರೋ ಲೇಖಕರೇ ಕಟ್ಟಿಕೊಡಬೇಕು, ಕಟ್ಟುತ್ತಲೇ ಪಾತ್ರವನ್ನು ಪರಿಚಯಿಸಬೇಕು, ಪರಿಚಯಿಸುತ್ತಲೇ ಮುಂದೇನಾಗುವುದೋ ಎಂಬ ಕಳಕಳಿಯನ್ನೂ ಹುಟ್ಟಿಸಬೇಕು. ಈ ಮೂರು ಕೆಲಸಗಳು ಒಂದರ ಕಾಲಿಗೆ ಒಂದು ತೊಡರುವುದು ಸಹಜವಾದುದರಿಂದ, ಹಸ್ತಪ್ರತಿಯ ಹಂತದಲ್ಲಿಯೇ ಆರಂಭದ ಪುಟಗಳನ್ನು ಬೇರೊಬ್ಬರಿಗೆ ಓದಲು ಕೊಟ್ಟು ಅಭಿಪ್ರಾಯ ಕೇಳುವ ರೂಢಿ ಬರಹಗಾರರಲ್ಲಿ ಬಹಳ ಕಾಲದಿಂದಲೂ ಇದೆ. ಹಾಗೆ ಓದಿದವರು ಏನು ಹೇಳಬೇಕು, ಹೇಗೆ ಹೇಳಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬ ಪ್ರಶ್ನೆಗಳು ಮೇಲುನೋಟಕ್ಕೆ ಸಣ್ಣವೆನಿಸಿದರೂ, ಒಂದು ಕೃತಿ ಮುಂದುವರಿಯುವುದೋ ಪೆಟ್ಟಿಗೆ ಸೇರುವುದೋ ಎಂಬುದನ್ನು ಅವು ನಿರ್ಧರಿಸಬಲ್ಲವು.

ಇಲ್ಲಿ ರಚನಾತ್ಮಕ ಪ್ರತಿಕ್ರಿಯೆ ಎಂದರೆ, ಇನ್ನೂ ತಿದ್ದಲು ಅವಕಾಶವಿರುವ ಕರಡನ್ನು ಓದಿ, ಅದನ್ನು ಉತ್ತಮಪಡಿಸಲು ಲೇಖಕರಿಗೆ ನೆರವಾಗುವಂತೆ ಆಡುವ ಅಥವಾ ಬರೆಯುವ ಮಾತು. ಇದು ವಿಮರ್ಶೆಗಿಂತ ಬೇರೆ. ವಿಮರ್ಶೆ ಅಚ್ಚಾದ ಕೃತಿಯನ್ನು ಕುರಿತು ಓದುಗ ಸಮುದಾಯದೊಡನೆ ಮಾತನಾಡುತ್ತದೆ, ಪ್ರತಿಕ್ರಿಯೆ ಮುಗಿಯದ ಕೃತಿಯನ್ನು ಕುರಿತು ಅದರ ಕರ್ತೃವಿನೊಡನೆ ಮಾತನಾಡುತ್ತದೆ. ವಿಮರ್ಶಕರಿಗೆ ತೀರ್ಪು ನೀಡುವ ಅಧಿಕಾರವುಂಟು. ಕರಡಿನ ಓದುಗರಿಗೆ ಆ ಅಧಿಕಾರವಿಲ್ಲ, ಏಕೆಂದರೆ ತೀರ್ಪಿಗೆ ಬೇಕಾದ ವಸ್ತು ಇನ್ನೂ ಪೂರ್ತಿಯಾಗಿ ಅವರ ಮುಂದಿರುವುದಿಲ್ಲ. ಈ ಅಂತರವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಐತಿಹಾಸಿಕ ಕಾದಂಬರಿ ಎಂಬ ಪ್ರಕಾರದ ಹುಟ್ಟಿನಲ್ಲಿಯೇ ಒಂದು ನಿದರ್ಶನವಿದೆ.

ಏಳು ಅಧ್ಯಾಯಗಳಿಗೆ ಸಿಕ್ಕ ತೀರ್ಪು

ಸ್ಕಾಟ್ಲೆಂಡಿನ ಸರ್ ವಾಲ್ಟರ್ ಸ್ಕಾಟ್ 1814ರಲ್ಲಿ ಹೆಸರು ಹಾಕದೆ ಪ್ರಕಟಿಸಿದ 'ವೇವರ್ಲಿ' ಯೂರೋಪಿನ ಐತಿಹಾಸಿಕ ಕಾದಂಬರಿಯ ಪರಂಪರೆಗೆ ಬುನಾದಿ ಹಾಕಿದ ಕೃತಿಯೆಂದು ಸಾಹಿತ್ಯ ಚರಿತ್ರಕಾರರು ಸಾಮಾನ್ಯವಾಗಿ ಒಪ್ಪುತ್ತಾರೆ. 1745ರಲ್ಲಿ ಸ್ಕಾಟ್ಲೆಂಡಿನಲ್ಲಿ ನಡೆದ ಬಂಡಾಯ ಅದರ ವಸ್ತು. ಈ ಕಾದಂಬರಿಯ ಆರಂಭವನ್ನು ಸ್ಕಾಟ್ ಬರೆದದ್ದು 1805ರ ಸುಮಾರಿಗೆ. ಏಳನೆಯ ಅಧ್ಯಾಯದವರೆಗೆ ಬರೆದು, ಸಾಹಿತ್ಯದ ಒಳ್ಳೆಯ ಅಭಿರುಚಿಯಿದ್ದ ಸ್ನೇಹಿತರೊಬ್ಬರಿಗೆ ತೋರಿಸಿದಾಗ ಅವರ ಅಭಿಪ್ರಾಯ ಪ್ರತಿಕೂಲವಾಗಿತ್ತು. ಕವಿಯಾಗಿ ಆಗಲೇ ಹೆಸರು ಗಳಿಸಿದ್ದ ಸ್ಕಾಟ್, ಹೊಸ ಪ್ರಯೋಗದಿಂದ ಆ ಹೆಸರಿಗೆ ಕುಂದು ತಂದುಕೊಳ್ಳಲು ಇಷ್ಟಪಡದೆ ಹಸ್ತಪ್ರತಿಯನ್ನು ಬದಿಗಿಟ್ಟರು. ಹಲವು ವರ್ಷಗಳ ಬಳಿಕ ಮೀನು ಹಿಡಿಯುವ ಸಲಕರಣೆಗಳಿಗಾಗಿ ಹಳೆಯ ಬರೆಯುವ ಮೇಜನ್ನು ಹುಡುಕುತ್ತಿದ್ದಾಗ ಅದು ಮತ್ತೆ ಕೈಗೆ ಸಿಕ್ಕಿತೆಂದೂ, ಆಮೇಲೆ ಅದನ್ನು ಪೂರ್ಣಗೊಳಿಸಿದರೆಂದೂ 1829ರ ಮುನ್ನುಡಿಯಲ್ಲಿ ಅವರೇ ದಾಖಲಿಸಿದ್ದಾರೆ.

ಅದೇ ಮುನ್ನುಡಿಯಲ್ಲಿ ಸ್ಕಾಟ್ ಆ ಸ್ನೇಹಿತರನ್ನು ದೂರುವುದಿಲ್ಲ. ಅವರ ಅಭಿರುಚಿಯನ್ನು ಸಮರ್ಥಿಸಿಯೇ ಮಾತನಾಡುತ್ತಾರೆ. ಸ್ನೇಹಿತರ ಮುಂದಿದ್ದ ಭಾಗ ಕಥಾನಾಯಕ ಸ್ಕಾಟ್ಲೆಂಡಿಗೆ ಹೊರಡುವವರೆಗೆ ಮಾತ್ರ ಬಂದಿತ್ತು, ಮುಂದೆ ಜನರಿಗೆ ಅತ್ಯಂತ ಹಿಡಿಸಿದ ಭಾಗ ಇನ್ನೂ ಆರಂಭವೇ ಆಗಿರಲಿಲ್ಲ ಎಂಬುದು ಅವರ ವಿವರಣೆ. ಈ ವಿವರಣೆಯಲ್ಲಿ ಎರಡು ಪಾಠಗಳಿವೆ. ಸ್ನೇಹಿತರಿಗಾದ ಬೇಸರ ನಿಜವಾದದ್ದು: 'ವೇವರ್ಲಿ'ಯ ಮೊದಲ ಅಧ್ಯಾಯ ಕೃತಿಯ ಶೀರ್ಷಿಕೆಯ ಆಯ್ಕೆಯನ್ನೇ ಚರ್ಚಿಸುತ್ತದೆ, ಅನಂತರದ ಅಧ್ಯಾಯಗಳು ನಾಯಕನ ಮನೆತನ, ಅವನ ಓದು, ಆ ಕಾಲದ ರಾಜಕೀಯ ಪಕ್ಷಗಳ ಜಗಳಗಳಲ್ಲಿ ನಿಧಾನವಾಗಿ ಸಾಗುತ್ತವೆ, ಐದನೆಯ ಅಧ್ಯಾಯದ ಕೊನೆಗೆ ಸ್ಕಾಟ್ ತಾವೇ ಓದುಗರ ಕ್ಷಮೆ ಕೇಳಿ, ಹಳೆಯ ರಾಜಕೀಯವಿಲ್ಲದೆ ಮುಂದಿನ ಕಥೆ ಅರ್ಥವಾಗದೆಂದು ಸಮಾಧಾನ ಹೇಳುತ್ತಾರೆ. ಹೀಗೆ ಬೇಸರ ನಿಜವಾಗಿದ್ದರೂ ಅದರಿಂದ ಹೊರಟ ತೀರ್ಪು ತಪ್ಪಾಯಿತು ಎಂಬುದು ಎರಡನೆಯ ಪಾಠ. ಆರಂಭ ನಿಧಾನವಾಗಿದೆ, ನಾಯಕ ಪ್ರಯಾಣಕ್ಕೆ ಹೊರಟ ಮೇಲೆಯೇ ಕಥೆಗೆ ಕಳೆ ಬರುವಂತಿದೆ ಎಂಬ ಮಾತು ಸಿಕ್ಕಿದ್ದರೆ ಲೇಖಕರು ಮುಂದಕ್ಕೆ ಬರೆಯುತ್ತಿದ್ದರೇನೋ. ಒಟ್ಟಾರೆಯಾಗಿ ಪ್ರತಿಕೂಲವಾದ ಅಭಿಪ್ರಾಯ ಸಿಕ್ಕಿದ್ದರಿಂದ ಬರವಣಿಗೆಯೇ ನಿಂತಿತು.

ಆರಂಭವನ್ನು ಮಾತ್ರ ಓದಿದವರು ಖಚಿತವಾಗಿ ಹೇಳಬಹುದಾದದ್ದು, ಓದುತ್ತಿದ್ದಾಗ ತಮ್ಮ ನಂಬಿಕೆ ಎಲ್ಲಿ ಬೆಳೆಯಿತು, ಎಲ್ಲಿ ಮುರಿಯಿತು ಎಂಬುದನ್ನು ಮಾತ್ರ. ಇಡೀ ಕೃತಿ ಬದುಕುವುದೋ ಇಲ್ಲವೋ ಎಂಬುದನ್ನಲ್ಲ. ಒಳ್ಳೆಯ ಪ್ರತಿಕ್ರಿಯೆ ಈ ಮಿತಿಯನ್ನು ಅರಿತುಕೊಂಡೇ ಹೊರಡುತ್ತದೆ, ಮತ್ತು ಅದರ ಬಲವೂ ಈ ಮಿತಿಯಲ್ಲಿಯೇ ಇದೆ.

ಆರಂಭದಿಂದ ಏನನ್ನು ನಿರೀಕ್ಷಿಸಬೇಕು

ಪ್ರತಿಕ್ರಿಯೆ ನೀಡುವ ಮುನ್ನ, ಐತಿಹಾಸಿಕ ಕಥೆಯ ಆರಂಭ ಮಾಡಬೇಕಾದ ಕೆಲಸವೇನೆಂಬುದು ಸ್ಪಷ್ಟವಾಗಿರಬೇಕು. ಮೊದಲನೆಯದಾಗಿ, ಕಥೆ ಯಾವ ಕಾಲದಲ್ಲಿ, ಯಾವ ನೆಲದಲ್ಲಿ ನಡೆಯುತ್ತಿದೆ ಎಂಬುದು ಓದುಗರಿಗೆ ಕಾಲೂರುವಷ್ಟು ತಿಳಿಯಬೇಕು. ಎರಡನೆಯದಾಗಿ, ಆ ಕಾಲವನ್ನು ಯಾರ ಕಣ್ಣಿನಿಂದ ನೋಡಬೇಕು, ಯಾರ ಸುಖದುಃಖಗಳ ಹಿಂದೆ ಹೋಗಬೇಕು ಎಂಬುದು ಗೊತ್ತಾಗಬೇಕು. ಮೂರನೆಯದಾಗಿ, ಕಥೆಯ ಭಾಷೆ ಹಳೆಯ ಕಾಲದ ನುಡಿಗೆ ಎಷ್ಟು ಹತ್ತಿರದಲ್ಲಿ ನಡೆಯುತ್ತದೆ ಎಂಬ ಒಪ್ಪಂದ ಏರ್ಪಡಬೇಕು.

ಕಥೆ ಮುಂದೇನಾಗುವುದೆಂಬ ಗುಟ್ಟನ್ನು ಬಚ್ಚಿಡುವ ಅಗತ್ಯ ಐತಿಹಾಸಿಕ ಕಥೆಗೆ ಉಳಿದ ಕಥೆಗಳಷ್ಟು ಇರುವುದಿಲ್ಲ ಎಂಬುದನ್ನೂ ಪ್ರತಿಕ್ರಿಯೆ ನೀಡುವವರು ನೆನಪಿಡಬೇಕು. ಚಿತ್ರದುರ್ಗ 1779ರಲ್ಲಿ ಹೈದರಾಲಿಯ ವಶವಾಯಿತೆಂಬುದು ತ.ರಾ.ಸು. ಅವರ 'ದುರ್ಗಾಸ್ತಮಾನ'ವನ್ನು ಕೈಗೆತ್ತಿಕೊಳ್ಳುವ ಓದುಗರಲ್ಲಿ ಬಹುಪಾಲು ಜನರಿಗೆ ತಿಳಿದಿರುತ್ತದೆ, ಶೀರ್ಷಿಕೆಯೇ ಅಂತ್ಯವನ್ನು ಸಾರಿಬಿಡುತ್ತದೆ. ಮಾಸ್ತಿಯವರ 'ಚಿಕವೀರ ರಾಜೇಂದ್ರ'ದ ಓದುಗರಿಗೂ ಕೊಡಗಿನ ರಾಜ್ಯ 1834ರಲ್ಲಿ ಬ್ರಿಟಿಷರ ಕೈಸೇರಿದ ಸಂಗತಿ ಗೊತ್ತಿರುತ್ತದೆ. ಹೀಗಿದ್ದರೂ ಓದುಗರು ಪುಟ ತಿರುಗಿಸುತ್ತಾರೆಂದರೆ, ಅವರನ್ನು ಎಳೆಯುವುದು 'ಏನಾಯಿತು' ಎಂಬ ಪ್ರಶ್ನೆಗಿಂತ 'ಹೇಗಾಯಿತು, ಆ ಹೊತ್ತಿನಲ್ಲಿ ಇದ್ದವರಿಗೆ ಹೇಗನ್ನಿಸಿತು' ಎಂಬ ಪ್ರಶ್ನೆ. ಆದುದರಿಂದ ಕುತೂಹಲ ಸಾಲದು, ಅಂತ್ಯ ಮೊದಲೇ ತಿಳಿಯುತ್ತದೆ ಎಂಬ ಆಕ್ಷೇಪ ಇಂತಹ ಕಥೆಗೆ ಅನ್ವಯಿಸುವುದು ಅಪರೂಪ. ಆ ಹೊತ್ತಿನ ಮನುಷ್ಯರು ಕಣ್ಣಿಗೆ ಕಾಣುತ್ತಿಲ್ಲ ಎಂಬ ಆಕ್ಷೇಪ ಬಹಳ ಸಲ ಅನ್ವಯಿಸುತ್ತದೆ.

ಇತಿಹಾಸದ ವಿವರವನ್ನೂ ಮನುಷ್ಯರ ಬಯಕೆಯನ್ನೂ ಒಂದೇ ಹೊಲಿಗೆಯಲ್ಲಿ ಸೇರಿಸಿದ ಆರಂಭಕ್ಕೆ ಟಾಲ್‌ಸ್ಟಾಯ್ ಅವರ 'ಯುದ್ಧ ಮತ್ತು ಶಾಂತಿ' ಒಳ್ಳೆಯ ಉದಾಹರಣೆ. 1865ರಿಂದ ರಷ್ಯಾದ ಪತ್ರಿಕೆಯೊಂದರಲ್ಲಿ '1805' ಎಂಬ ಹೆಸರಿನಿಂದ ಮೊದಲು ಬರತೊಡಗಿದ ಈ ಕೃತಿ, 1805ರ ಪೀಟರ್ಸ್‌ಬರ್ಗಿನಲ್ಲಿ ಅನ್ನಾ ಪಾವ್ಲೊವ್ನಾ ಎಂಬ ಆಸ್ಥಾನದ ಮಹಿಳೆಯ ಮನೆಯ ಸಂಜೆಯ ಕೂಟದಿಂದ ತೊಡಗುತ್ತದೆ. ನೆಪೋಲಿಯನ್ನನ ಆಕ್ರಮಣದ ಸುದ್ದಿ ಮೊದಲ ಮಾತಿನಲ್ಲಿಯೇ ಬರುತ್ತದೆ. ಆದರೆ ಅದನ್ನು ಹೇಳುವವರು ಪಾತ್ರಗಳೇ ಹೊರತು ಲೇಖಕರಲ್ಲ, ಮತ್ತು ರಾಜಕೀಯವನ್ನು ಚರ್ಚಿಸುತ್ತಿರುವ ವಾಸಿಲಿ ರಾಜಕುಮಾರನ ಮನಸ್ಸಿನಲ್ಲಿ ತನ್ನ ಮಗನಿಗೆ ವಿಯೆನ್ನಾದ ರಾಯಭಾರ ಕಚೇರಿಯಲ್ಲಿ ಹುದ್ದೆ ಕೊಡಿಸುವ ಆಸೆ ಅಡಗಿರುತ್ತದೆ. ಓದುಗರಿಗೆ ಯೂರೋಪಿನ ರಾಜಕೀಯವೂ ಒಬ್ಬ ತಂದೆಯ ಲೆಕ್ಕಾಚಾರವೂ ಒಟ್ಟಿಗೆ ತಿಳಿಯುತ್ತವೆ, ಪಾಠ ಕೇಳಿದಂತೆ ಅನ್ನಿಸುವುದಿಲ್ಲ.

ಒಂದು ಕಲ್ಪಿತ ಆರಂಭ

ಪ್ರತಿಕ್ರಿಯೆಯ ವಿಧಾನವನ್ನು ಬಿಡಿಸಿ ತೋರಿಸಲು, ಹೊಯ್ಸಳರ ಕೊನೆಗಾಲದ ಕಥೆಯೊಂದು ಹೀಗೆ ಆರಂಭವಾಗುತ್ತದೆಂದು ಊಹಿಸಿಕೊಳ್ಳಬಹುದು. ಈ ಲೇಖನಕ್ಕಾಗಿಯೇ ರಚಿಸಿದ ಮಾದರಿ ಇದು:

"ಕ್ರಿ.ಶ. 1311ನೆಯ ಇಸವಿ. ದಕ್ಷಿಣ ಭಾರತದಲ್ಲಿ ಹೊಯ್ಸಳ ಸಾಮ್ರಾಜ್ಯವನ್ನು ಮೂರನೆಯ ವೀರಬಲ್ಲಾಳನು ಆಳುತ್ತಿದ್ದನು. ದೆಹಲಿಯ ಅಲ್ಲಾವುದ್ದೀನ್ ಖಿಲ್ಜಿಯ ಸೇನಾನಿ ಮಲಿಕ್ ಕಾಫರ್ ದೇವಗಿರಿಯ ಮೂಲಕ ದಕ್ಷಿಣದತ್ತ ದಂಡೆತ್ತಿ ಬರುತ್ತಿದ್ದನು. ಹಳೇಬೀಡಿನ ಗಾಣಿಗರ ಬೀದಿಯಲ್ಲಿ ಮಾಚವ್ವೆ ಒಣಮೆಣಸಿನಕಾಯಿ ಕುಟ್ಟುತ್ತಿದ್ದಳು. ಇನ್ನು ಹತ್ತು ನಿಮಿಷದಲ್ಲಿ ಗುಡಿಯ ದೀಪಕ್ಕೆ ಎಣ್ಣೆ ಒಪ್ಪಿಸಬೇಕಿತ್ತು. ದೇಶದ ಜನರೆಲ್ಲ ಒಂದಾಗದಿದ್ದರೆ ಸ್ವಾತಂತ್ರ್ಯ ಉಳಿಯದು ಎಂದು ಅವಳಿಗೆ ಅನ್ನಿಸಿತು. ದಂಡಿನ ಜೊತೆ ತೆಂಕಣಕ್ಕೆ ಹೋದ ಮಗನ ಪಾಲಿನ ಎಣ್ಣೆಯನ್ನು ಅವಳು ಅಂದೂ ಬೇರೆ ಕುಡಿಕೆಗೆ ಬಗ್ಗಿಸಿ ಮುಚ್ಚಿಟ್ಟಳು."

ಈ ಆರಂಭಕ್ಕೆ ಸಾಮಾನ್ಯವಾಗಿ ಸಿಗುವ ಪ್ರತಿಕ್ರಿಯೆಗಳು ಎರಡು. "ಇತಿಹಾಸವನ್ನು ಸರಿಯಾಗಿ ಓದದೆ ಬರೆದಿದ್ದೀರಿ, ಮೊದಲ ಪುಟವೇ ಬೇಸರ ತರಿಸುತ್ತದೆ" ಎಂಬುದು ಒಂದು. "ತುಂಬಾ ಚೆನ್ನಾಗಿದೆ, ಮುಂದುವರಿಸಿ" ಎಂಬುದು ಇನ್ನೊಂದು. ಒಂದು ಕಟುವಾಗಿಯೂ ಮತ್ತೊಂದು ಮೃದುವಾಗಿಯೂ ಕಂಡರೂ, ಎರಡರಿಂದಲೂ ಲೇಖಕರಿಗೆ ದಕ್ಕುವುದು ಏನೂ ಇಲ್ಲ, ಏಕೆಂದರೆ ಯಾವ ವಾಕ್ಯದಲ್ಲಿ ಏನಾಯಿತೆಂದು ಎರಡೂ ಹೇಳುವುದಿಲ್ಲ.

ಪ್ರಯೋಜನಕ್ಕೆ ಬರುವ ಪ್ರತಿಕ್ರಿಯೆ ಮೂರು ಬಗೆಯ ಮಾತುಗಳನ್ನು ಒಂದರೊಡನೊಂದು ಬೆರೆಸದೆ ಬೇರೆಬೇರೆಯಾಗಿ ಇಡುತ್ತದೆ: ಓದಿನ ಅನುಭವ, ದಾಖಲೆಯ ಆಧಾರವಿರುವ ತಿದ್ದುಪಡಿ, ಮತ್ತು ವೈಯಕ್ತಿಕ ಅಭಿರುಚಿ. ಇವುಗಳನ್ನು ಕಲಸಿ ಹೇಳಿದಾಗ, ಓದುಗರ ಅಭಿರುಚಿಯನ್ನೇ ಐತಿಹಾಸಿಕ ಸತ್ಯವೆಂದು ಭಾವಿಸಿ ಲೇಖಕರು ಒಳ್ಳೆಯ ವಾಕ್ಯವನ್ನು ಅಳಿಸುವ ಅಪಾಯವೂ ಉಂಟು, ನಿಜವಾದ ದೋಷವನ್ನು 'ಅದು ಅವರ ರುಚಿ' ಎಂದು ತಳ್ಳಿಹಾಕುವ ಅಪಾಯವೂ ಉಂಟು.

ಮೊದಲನೆಯ ಬಗೆ: ಓದಿನ ಅನುಭವ

ಓದಿನ ಅನುಭವವನ್ನು ಹೇಳುವಾಗ, ಓದುತ್ತಾ ಹೋದಂತೆ ಏನಾಯಿತೆಂಬುದನ್ನು ವಾಕ್ಯದ ಗುರುತಿನೊಡನೆ ವರದಿ ಮಾಡಬೇಕು. ಮೇಲಿನ ಮಾದರಿಗೆ ಅದು ಹೀಗಿರಬಹುದು: "ಮೊದಲ ಮೂರು ವಾಕ್ಯಗಳಲ್ಲಿ ಇದು ಯಾರ ಕಥೆಯೆಂದು ತಿಳಿಯಲಿಲ್ಲ, ನಾಲ್ಕನೆಯ ವಾಕ್ಯದಲ್ಲಿ ಮಾಚವ್ವೆ ಬಂದಾಗ ಗಮನ ಅವಳ ಕಡೆ ತಿರುಗಿತು, ಕೊನೆಯ ವಾಕ್ಯದಲ್ಲಿ, ಊರಲ್ಲಿಲ್ಲದ ಮಗನಿಗಾಗಿ ಎಣ್ಣೆಯನ್ನು ಬೇರೆಯಾಗಿ ಎತ್ತಿಡುವುದನ್ನು ಓದಿದಾಗ ಅವನು ಹಿಂದಿರುಗುವನೇ ಎಂಬ ಕಳವಳ ಹುಟ್ಟಿತು." ಈ ಮಾತಿನಲ್ಲಿ ಆಜ್ಞೆಯೂ ಇಲ್ಲ, ಉಪದೇಶವೂ ಇಲ್ಲ. ಆದರೂ ಕಥೆಯ ಜೀವ ಕೊನೆಯ ವಾಕ್ಯದಲ್ಲಿದೆಯೆಂದೂ, ಅದನ್ನು ಮುಟ್ಟಲು ಓದುಗರು ಬಹಳ ಕಾಯಬೇಕಾಯಿತೆಂದೂ ಲೇಖಕರಿಗೆ ತಾನಾಗಿ ಮನದಟ್ಟಾಗುತ್ತದೆ. ಆ ವಾಕ್ಯವನ್ನು ಮೊದಲಿಗೆ ತರಬೇಕೋ, ಮುಂಚಿನ ವಾಕ್ಯಗಳನ್ನು ಕುಗ್ಗಿಸಬೇಕೋ ಎಂಬ ನಿರ್ಧಾರ ಅವರದು.

ಮೆಚ್ಚುಗೆಯ ಸ್ಥಾನವೂ ಇಲ್ಲಿಯೇ ಇದೆ. ಟೀಕೆಯ ಕಹಿಯನ್ನು ಕಡಿಮೆ ಮಾಡಲೆಂದು ಮೊದಲು ನಾಲ್ಕು ಸವಿಮಾತು ಆಡುವುದು ಮೆಚ್ಚುಗೆಯ ನಿಜವಾದ ಉದ್ದೇಶವಲ್ಲ. ಉಳಿಸಿಕೊಳ್ಳಬೇಕಾದದ್ದು ಯಾವುದೆಂದು ಗುರುತಿಸಿಕೊಡುವುದೇ ಅದರ ಉದ್ದೇಶ. ಕರಡನ್ನು ತಿದ್ದುವಾಗ ದೋಷಗಳೊಡನೆ ಗುಣಗಳೂ ಕೊಚ್ಚಿಹೋಗುವುದು ಅಪರೂಪವಲ್ಲ. ಕುಡಿಕೆಯ ವಾಕ್ಯ ಏಕೆ ಹಿಡಿಸಿತು ಎಂಬುದನ್ನು ಕಾರಣ ಸಹಿತ ಹೇಳಿದ ಓದುಗರು ಆ ವಾಕ್ಯವನ್ನು ಮುಂದಿನ ಕರಡಿನಲ್ಲಿಯೂ ಕಾಪಾಡಿದಂತಾಗುತ್ತದೆ.

ಈ ಬಗೆಯ ಮಾತುಗಳಲ್ಲಿ ಹೇಳಲು ಅತ್ಯಂತ ಕಷ್ಟವಾದದ್ದು, ಸರಿಯಾಗಿರುವ ಮಾಹಿತಿಯನ್ನೇ ಬಿಡಬೇಕಾಗಬಹುದು ಎಂಬ ಮಾತು. ಮಲಿಕ್ ಕಾಫರನ ದಂಡಯಾತ್ರೆ, ದೇವಗಿರಿಯ ದಾರಿ ಇವೆಲ್ಲ ಚರಿತ್ರೆಗೆ ಒಪ್ಪುವ ಸಂಗತಿಗಳೇ, ಇವನ್ನು ಸಂಗ್ರಹಿಸಲು ಲೇಖಕರು ತಿಂಗಳುಗಟ್ಟಲೆ ಓದಿರಬಹುದು. ಆದರೆ ಗಾಣಿಗರ ಬೀದಿಯ ಹೆಂಗಸಿಗೆ ಆ ಹೊತ್ತಿನಲ್ಲಿ ಇದರಲ್ಲಿ ಎಷ್ಟು ತಿಳಿದಿರಬಹುದು, ಸುದ್ದಿ ಅವಳನ್ನು ಹೇಗೆ ಮುಟ್ಟಿರಬಹುದು ಎಂಬ ಪ್ರಶ್ನೆಯನ್ನು ಕೇಳಿದರೆ, ಆ ಮಾಹಿತಿಯ ಬಹುಪಾಲು ಕಥೆಯೊಳಗೆ ಬೇರೆ ದಾರಿಯಿಂದ ಬರಬೇಕೆಂಬುದು ಸ್ಪಷ್ಟವಾಗುತ್ತದೆ. ಪಾಂಡ್ಯರ ಒಳಜಗಳದ ಸಂದರ್ಭದಲ್ಲಿ ಬಲ್ಲಾಳನ ದಂಡು ತಮಿಳು ನಾಡಿನ ಕಡೆ ಹೋಗಿದ್ದುದರಿಂದಲೇ ಮಾಚವ್ವೆಯ ಮಗ ಊರಲ್ಲಿಲ್ಲ. ರಾಜಧಾನಿಗೆ ಕಾವಲು ಕಡಿಮೆಯಾಗಿರುವುದೂ ಅದೇ ಕಾರಣದಿಂದ. ತುಂಬಿದ ಕುಡಿಕೆ ಮಗನ ಗೈರನ್ನೂ ರಾಜ್ಯದ ಅಪಾಯವನ್ನೂ ಒಟ್ಟಿಗೆ ಸೂಚಿಸಬಲ್ಲದೆಂದು ತೋರಿಸಿಕೊಟ್ಟ ಓದುಗರು ಲೇಖಕರ ಸಂಶೋಧನೆಯನ್ನು ಅಲ್ಲಗಳೆದಂತಾಗುವುದಿಲ್ಲ, ಅದು ಫಲಿಸಬಹುದಾದ ಜಾಗವನ್ನು ಎತ್ತಿ ತೋರಿಸಿದಂತಾಗುತ್ತದೆ. ಹಂಗೇರಿಯ ವಿಮರ್ಶಕ ಗೆಯೋರ್ಗ್ ಲೂಕಾಚ್, ಸ್ಕಾಟ್ ಅವರ ಕಾದಂಬರಿಗಳಲ್ಲಿ ಕೇಂದ್ರದಲ್ಲಿರುವವರು ಅರಸರಾಗಲಿ ಮಹಾಪುರುಷರಾಗಲಿ ಅಲ್ಲ, ಎರಡು ಶಕ್ತಿಗಳ ನಡುವೆ ಸಿಕ್ಕಿಬಿದ್ದ ಸಾಧಾರಣ ವ್ಯಕ್ತಿಗಳು ಎಂದು ಗುರುತಿಸಿದ್ದು ಇದಕ್ಕೆ ಪೋಷಕವಾಗಿದೆ.

ಎರಡನೆಯ ಬಗೆ: ದಾಖಲೆಯ ಆಧಾರವಿರುವ ತಿದ್ದುಪಡಿ

ಕಥೆಯ ಕಾಲಕ್ಕೆ ಸೇರದ ವಸ್ತು, ಮಾತು ಅಥವಾ ಭಾವನೆ ಕಥೆಯೊಳಗೆ ನುಸುಳುವುದನ್ನು ಕಾಲವಿರೋಧ ಅಥವಾ ಕಾಲದೋಷ ಎನ್ನುತ್ತಾರೆ. ಇದರ ಅರಿವು ಭಾರತೀಯ ಕಾವ್ಯಮೀಮಾಂಸೆಗೆ ಹೊಸದಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ 'ಔಚಿತ್ಯವಿಚಾರಚರ್ಚಾ' ಎಂಬ ಗ್ರಂಥದಲ್ಲಿ ಔಚಿತ್ಯವನ್ನು, ಅಂದರೆ ಯಾವುದು ಎಲ್ಲಿಗೆ ತಕ್ಕುದೋ ಅದು ಅಲ್ಲಿರುವ ಹೊಂದಿಕೆಯನ್ನು ವಿವೇಚಿಸುತ್ತಾ, ಅದನ್ನು ಪರಿಶೀಲಿಸಬೇಕಾದ ಸ್ಥಾನಗಳಲ್ಲಿ ದೇಶ, ಕಾಲ, ನಾಮಗಳನ್ನೂ ಸೇರಿಸಿದ್ದಾನೆ. ಪ್ರತಿಯೊಂದಕ್ಕೂ ಔಚಿತ್ಯವಿರುವ ಪದ್ಯವನ್ನೂ ಇಲ್ಲದ ಪದ್ಯವನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸುವ ಅವನ ಕ್ರಮ ಇಂದಿನ ಪ್ರತಿಕ್ರಿಯೆಗೂ ಮಾದರಿಯಾಗಬಲ್ಲದು. ಕನ್ನಡದಲ್ಲಿ ದೊರೆತಿರುವ ಅತ್ಯಂತ ಹಳೆಯ ಗ್ರಂಥವಾದ 'ಕವಿರಾಜಮಾರ್ಗ'ವೂ ತನ್ನ ಮೊದಲ ಪರಿಚ್ಛೇದದಲ್ಲಿ ಕಾವ್ಯದ ದೋಷಾದೋಷಗಳನ್ನೇ ಚರ್ಚಿಸುತ್ತದೆ.

ಮೇಲಿನ ಮಾದರಿಯಲ್ಲಿ ವಸ್ತುವಿಗೆ ಸಂಬಂಧಿಸಿದ ಕಾಲದೋಷ ಒಣಮೆಣಸಿನಕಾಯಿ. ಅಮೆರಿಕ ಖಂಡದ ಬೆಳೆಯಾದ ಮೆಣಸಿನಕಾಯಿ, 1498ರಲ್ಲಿ ಪೋರ್ಚುಗೀಸರು ಕೇರಳದ ಕರಾವಳಿಗೆ ಬಂದ ನಂತರದ ಕಾಲದಲ್ಲಿ ಭಾರತಕ್ಕೆ ಬಂದು ಹರಡಿತು; ಆಲೂಗಡ್ಡೆ, ಟೊಮ್ಯಾಟೊ, ಕಡಲೆಕಾಯಿ, ಹೊಗೆಸೊಪ್ಪು, ಗೋಡಂಬಿಗಳೂ ಅದೇ ಖಂಡದವು. ಹೊಯ್ಸಳರ ಕಾಲದ ಅಡುಗೆಮನೆಯಲ್ಲಿ ಖಾರಕ್ಕೆ ಇದ್ದವು ಕರಿಮೆಣಸು, ಹಿಪ್ಪಲಿ, ಶುಂಠಿ. ಹೆಸರಿಗೆ ಸಂಬಂಧಿಸಿದವು ಎರಡು: ಅಂದಿನ ರಾಜಧಾನಿಯ ಹೆಸರು ದೋರಸಮುದ್ರ, ಹಳೇಬೀಡು ಎಂಬುದು ಅನಂತರದ ಹೆಸರು, 'ಮೂರನೆಯ' ಎಂಬ ಎಣಿಕೆ ಇತಿಹಾಸಕಾರರು ಒಂದೇ ಹೆಸರಿನ ಅರಸರನ್ನು ಬೇರ್ಪಡಿಸಲು ಬಳಸುವುದೇ ಹೊರತು ಪ್ರಜೆಗಳ ಬಾಯಲ್ಲಿದ್ದುದಲ್ಲ. ಕಾಲದ ಅಳತೆಗೆ ಸಂಬಂಧಿಸಿದಂತೆ, ಹತ್ತು ನಿಮಿಷವೆಂಬ ಗಡಿಯಾರದ ಲೆಕ್ಕಕ್ಕೆ ಬದಲಾಗಿ ಇಪ್ಪತ್ತನಾಲ್ಕು ನಿಮಿಷಗಳಿಗೆ ಸಮನಾದ ಗಳಿಗೆ, ಮೂರು ಗಂಟೆಗಳಿಗೆ ಸಮನಾದ ಜಾವ ಆ ಕಾಲಕ್ಕೆ ಒಪ್ಪುವ ಅಳತೆಗಳು. ಕ್ರಿ.ಶ. 1311 ಎಂಬುದು ಓದುಗರ ಅನುಕೂಲಕ್ಕಾಗಿ ಅಧ್ಯಾಯದ ತಲೆಬರಹದಲ್ಲಿದ್ದರೆ ದೋಷವೆನಿಸದು. ಪಾತ್ರಗಳ ಲೋಕದಲ್ಲಿ ಮಾತ್ರ ಆ ವರ್ಷದ ಆರಂಭದ ತಿಂಗಳುಗಳು ಶಕವರ್ಷ 1232ರ ಸಾಧಾರಣ ಸಂವತ್ಸರ.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಮನಸ್ಸಿನ ಕಾಲದೋಷ. ದೇಶದ ಜನರೆಲ್ಲ ಒಂದಾಗಿ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಬೇಕೆಂಬ ಮಾಚವ್ವೆಯ ಯೋಚನೆ ಇಪ್ಪತ್ತನೆಯ ಶತಮಾನದ ರಾಷ್ಟ್ರೀಯ ಚಳವಳಿಯ ಭಾಷೆಯಲ್ಲಿದೆ. ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ ಕನ್ನಡನಾಡು ಎಂಬ ಕಲ್ಪನೆ ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ದಲ್ಲಿಯೇ ಇರುವುದರಿಂದ, ನಾಡಿನ ಅರಿವು ಆ ಕಾಲಕ್ಕೆ ಇರಲೇ ಇಲ್ಲವೆಂದು ಹೇಳಲಾಗದು. ಆದರೆ ಒಡೆಯನ ಉಪ್ಪಿನ ಋಣ, ಊರಿನ ತುರುಗಳನ್ನು ಕಾಯುವ ಹೊಣೆ, ವೀರಸ್ವರ್ಗದ ನಂಬಿಕೆ ಮುಂತಾದವು ಆ ಕಾಲದ ಜನರನ್ನು ಯುದ್ಧಕ್ಕೆ ಕಳುಹಿಸುತ್ತಿದ್ದ ಪ್ರೇರಣೆಗಳೆಂಬುದಕ್ಕೆ ನಾಡಿನ ತುಂಬ ನಿಂತಿರುವ ವೀರಗಲ್ಲುಗಳೇ ಸಾಕ್ಷಿ. ಮೆಣಸಿನಕಾಯಿಯನ್ನು ಕರಿಮೆಣಸಾಗಿ ಬದಲಿಸುವುದು ಒಂದು ಪದದ ಕೆಲಸ. ಮನಸ್ಸಿನ ಕಾಲದೋಷವನ್ನು ತಿದ್ದಲು ಪಾತ್ರವನ್ನೇ ಮತ್ತೆ ಯೋಚಿಸಬೇಕಾಗುತ್ತದೆ. ಆದುದರಿಂದ ಈ ಎರಡನ್ನೂ ಒಂದೇ ಪಟ್ಟಿಯಲ್ಲಿ ಒಂದೇ ತೂಕದಿಂದ ಬರೆಯಬಾರದು.

ದಾಖಲೆಯ ಮಾತನ್ನು ಆಡುವವರು ತಮ್ಮ ಮಾತಿಗೂ ದಾಖಲೆಯನ್ನು ಕೇಳಿಕೊಳ್ಳಬೇಕು. ತಪ್ಪಲ್ಲದ್ದನ್ನು ತಪ್ಪೆಂದು ಹೇಳಿದರೆ ಲೇಖಕರ ಆತ್ಮವಿಶ್ವಾಸಕ್ಕೂ ಕೃತಿಗೂ ಹಾನಿ. ಕೃಷ್ಣದೇವರಾಯನ ಕಾಲದ ಕಥೆಯಲ್ಲಿ ಬಂದೂಕು ಬಂದರೆ ಅದು ಅಸಂಭವವೆಂದು ಕೆಲವರಿಗೆ ತೋರಬಹುದು, ಆದರೆ 1520ರ ರಾಯಚೂರಿನ ಯುದ್ಧದಲ್ಲಿ ಫಿರಂಗಿಗಳೂ ಪೋರ್ಚುಗೀಸ್ ಬಂದೂಕುದಾರರೂ ಇದ್ದುದನ್ನು ಫೆರ್ನಾವೊ ನೂನಿಜ್ ಎಂಬ ಪೋರ್ಚುಗೀಸನ ಬರಹ ವಿವರಿಸುತ್ತದೆ. ಹೊಯ್ಸಳರ ಕಾಲಕ್ಕೆ ಸಲ್ಲದ ಮೆಣಸಿನಕಾಯಿ ಹದಿನೆಂಟನೆಯ ಶತಮಾನದ ಚಿತ್ರದುರ್ಗದ ಅಡುಗೆಮನೆಗೆ ಸಲ್ಲುತ್ತದೆ. ಕನ್ನಡದ ಮಟ್ಟಿಗೆ ಪರಿಶೀಲನೆಯ ಸಾಧನಗಳಿಗೆ ಕೊರತೆಯಿಲ್ಲ: ಬಿ.ಎಲ್. ರೈಸ್ ಅವರು 1886ರಿಂದ ಪ್ರಕಟಿಸತೊಡಗಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಸಾವಿರಾರು ಶಾಸನಗಳಿವೆ, ಗುಡಿಯ ದೀಪಕ್ಕೆ ಎಣ್ಣೆಯನ್ನು ಬಿಟ್ಟುಕೊಟ್ಟ ದತ್ತಿಗಳ ವಿವರವೂ ಅವುಗಳಲ್ಲಿ ಸಿಗುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಪದಗಳ ಹಳೆಯ ಪ್ರಯೋಗಗಳನ್ನು ಉದಾಹರಿಸುತ್ತದೆ. ಪ್ರತಿಕ್ರಿಯೆ ನೀಡುವವರು ಆಧಾರವನ್ನು ಸೂಚಿಸಿದರೆ ಲೇಖಕರು ತಾವೇ ಪರಿಶೀಲಿಸಬಹುದು, ಆಧಾರ ಸಿಗದಿದ್ದರೆ ಅದನ್ನು ಪ್ರಶ್ನೆಯಾಗಿಯೇ ಮುಂದಿಡಬಹುದು.

ವಿದ್ವಾಂಸರಲ್ಲಿಯೇ ಒಮ್ಮತವಿಲ್ಲದ ಘಟನೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಲೇಖಕರು ಒಂದು ಪಕ್ಷವನ್ನು ಆಯ್ದುಕೊಂಡಿದ್ದಾರೆಂಬುದು ದೋಷವಲ್ಲ, ಆ ಆಯ್ಕೆ ಅವರಿಗೆ ತಿಳಿದೇ ಆದದ್ದೋ ಎಂದು ಕೇಳುವುದಷ್ಟೇ ಓದುಗರ ಕೆಲಸ. ಚರಿತ್ರೆಯ ವಾದವನ್ನು ಗೆಲ್ಲಲು ಇನ್ನೊಬ್ಬರ ಕಥೆಯ ಹಸ್ತಪ್ರತಿ ಕಣವಾಗಬಾರದು.

ಮೂರನೆಯ ಬಗೆ: ಅಭಿರುಚಿ

ಅಭಿರುಚಿಯ ಮಾತುಗಳಲ್ಲಿ ಹೆಚ್ಚಿನವು ಭಾಷೆಯನ್ನು ಕುರಿತವು. ಬಂಕಿಮಚಂದ್ರರ ಬಂಗಾಳಿ ಕಾದಂಬರಿಗಳು ಬಿ. ವೆಂಕಟಾಚಾರ್ಯರ ಅನುವಾದಗಳ ಮೂಲಕ, ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳು ಗಳಗನಾಥರ ಮೂಲಕ ಕನ್ನಡಕ್ಕೆ ಬಂದ ದಿನಗಳಿಂದಲೂ ಐತಿಹಾಸಿಕ ಕಥನಕ್ಕೆ ಗಂಭೀರವಾದ, ಸಂಸ್ಕೃತ ಪದಗಳು ಹೆಚ್ಚಿರುವ ಶೈಲಿಯೇ ತಕ್ಕುದೆಂಬ ಭಾವನೆ ಅನೇಕರಲ್ಲಿ ಬೇರೂರಿದೆ. ಆಡುಮಾತಿಗೆ ಹತ್ತಿರವಾದ ಸರಳ ಶೈಲಿಯನ್ನು ಬಯಸುವವರೂ ಅಷ್ಟೇ ಇದ್ದಾರೆ. ಹೊಯ್ಸಳರ ಕಾಲದ ಜನರು ಆಡುತ್ತಿದ್ದ ಕನ್ನಡವನ್ನೇ ಬರೆದರೆ ಇಂದಿನ ಓದುಗರಿಗೆ ಅರ್ಥವಾಗದು. ಹೀಗಾಗಿ ಪ್ರತಿಯೊಂದು ಐತಿಹಾಸಿಕ ಕಥೆಯ ಭಾಷೆಯೂ ಲೇಖಕರು ಮಾಡಿಕೊಂಡ ಒಂದು ಏರ್ಪಾಡೇ. ಇದರಲ್ಲಿ ಓದುಗರು ಕೇಳಬಹುದಾದ ನ್ಯಾಯವಾದ ಪ್ರಶ್ನೆ, ಆ ಏರ್ಪಾಡನ್ನು ಕಥೆ ಉದ್ದಕ್ಕೂ ಪಾಲಿಸುತ್ತಿದೆಯೇ ಎಂಬುದು. 'ಆಳುತ್ತಿದ್ದನು' ಎಂಬ ಗ್ರಾಂಥಿಕ ರೂಪದಿಂದ ತೊಡಗಿ 'ಮುಚ್ಚಿಟ್ಟಳು' ಎಂಬ ಸರಳ ನಡೆಗೆ ಬರುವ ಮೇಲಿನ ಮಾದರಿಯಲ್ಲಿ ಎರಡು ದನಿಗಳು ಕೇಳಿಸುತ್ತವೆ, ಅವುಗಳಲ್ಲಿ ಯಾವುದು ಕಥೆಯ ದನಿಯೆಂದು ಲೇಖಕರನ್ನು ಕೇಳಬಹುದು. ಯಾವ ದನಿ ತಮಗೆ ಇಷ್ಟವೆಂಬುದನ್ನೂ ಓದುಗರು ಹೇಳಬಹುದು, ಅದು ತಮ್ಮ ಇಷ್ಟವೆಂದು ಸ್ಪಷ್ಟಪಡಿಸಿ ಹೇಳಿದರೆ ಸಾಕು.

ಹೇಳುವ ಕ್ರಮ ಮತ್ತು ನಿಲ್ಲಿಸುವ ಜಾಗ

ಪ್ರತಿಕ್ರಿಯೆಯನ್ನು ಆರಂಭಿಸುವ ಮುನ್ನ ಲೇಖಕರ ಉದ್ದೇಶವನ್ನೂ ಕರಡಿನ ಹಂತವನ್ನೂ ಕೇಳಿ ತಿಳಿಯುವುದು ಒಳ್ಳೆಯದು. ಮೊದಲ ಕರಡಿಗೆ ಕಾಗುಣಿತದ ತಿದ್ದುಪಡಿ ಬೇಡ, ಏಕೆಂದರೆ ಆ ವಾಕ್ಯಗಳೇ ಉಳಿಯುವುದು ಖಚಿತವಿಲ್ಲ. ಅಚ್ಚಿಗೆ ಹೋಗಲಿರುವ ಕರಡಿಗೆ ಕಥೆಯ ಕೇಂದ್ರವನ್ನೇ ಬದಲಿಸುವ ಸಲಹೆ ತಡವಾದದ್ದು. ಓದುವಾಗ ಮೊದಲ ಸಲ ಟಿಪ್ಪಣಿಯಿಲ್ಲದೆ ಸಾಮಾನ್ಯ ಓದುಗರಂತೆ ಓದಿ, ಎರಡನೆಯ ಓದಿನಲ್ಲಿ ಗುರುತು ಹಾಕಿಕೊಳ್ಳುವುದು ಉಚಿತ. ಮೊದಲ ಓದಿನ ಅನುಭವ ಮತ್ತೆ ಸಿಗುವಂಥದ್ದಲ್ಲ. ಹೇಳುವಾಗ ದೊಡ್ಡ ವಿಷಯ ಮೊದಲು, ಸಣ್ಣದು ಕೊನೆಗೆ ಬರಬೇಕು: ಯಾರ ಕಥೆ ಎಂಬುದು, ಕಥೆ ಎಲ್ಲಿಂದ ಆರಂಭವಾಗುತ್ತದೆ ಎಂಬುದು, ಪಾತ್ರದ ಮನಸ್ಸು, ಆಮೇಲೆ ಹೆಸರು, ವಸ್ತು, ಅಳತೆಗಳು. ಇಪ್ಪತ್ತು ಸಣ್ಣ ತಪ್ಪುಗಳ ಪಟ್ಟಿಯ ನಡುವೆ ಹುದುಗಿದ ಒಂದು ಮುಖ್ಯ ಮಾತು ಲೇಖಕರ ಕಣ್ಣಿಗೆ ಬೀಳದೆಯೇ ಹೋಗಬಹುದು.

ಇನ್ನೊಬ್ಬರ ಆರಂಭವನ್ನು ತಾವೇ ಬರೆದುಕೊಡುವ ಆಸೆಯನ್ನು ಓದುಗರು ತಡೆದುಕೊಳ್ಳಬೇಕು. ಕುಡಿಕೆಯ ವಾಕ್ಯದಲ್ಲಿ ಕಥೆಗೆ ಜೀವ ಬಂತೆಂದು ಹೇಳುವುದು ನೆರವು. ಆ ವಾಕ್ಯದಿಂದ ತೊಡಗುವ ಹೊಸ ಪುಟವನ್ನು ಬರೆದು ಕೈಗಿಡುವುದು ಕಥೆಯ ಒಡೆತನವನ್ನು ಕಸಿದುಕೊಂಡಂತೆ. ದೋಷ ಇಂತಲ್ಲಿ ಇದೆ ಎಂಬ ಓದುಗರ ಅನಿಸಿಕೆ ಬಹುಮಟ್ಟಿಗೆ ನಂಬಲರ್ಹ, ಅದನ್ನು ಹೀಗೆಯೇ ಸರಿಪಡಿಸಬೇಕೆಂಬ ಅವರ ಸಲಹೆ ಅಷ್ಟು ನಂಬಲರ್ಹವಲ್ಲ, ಏಕೆಂದರೆ ಮುಂದಿನ ಅಧ್ಯಾಯಗಳ ನಕ್ಷೆ ಇರುವುದು ಲೇಖಕರಲ್ಲಿ ಮಾತ್ರ. ಲೇಖಕರಿಗೂ ಇದರಲ್ಲೊಂದು ಕರ್ತವ್ಯವುಂಟು: ಓದುಗರಿಗೆ ಅರ್ಥವಾಗದ ಜಾಗವನ್ನು ಬಾಯಿಮಾತಿನ ವಿವರಣೆಯಿಂದ ಸಮರ್ಥಿಸಹೋಗದೆ, ಅಚ್ಚಾದ ಪುಸ್ತಕದ ಜೊತೆ ವಿವರಿಸಲು ತಾವಿರುವುದಿಲ್ಲವೆಂಬುದನ್ನು ನೆನೆದು ಕೇಳಿಸಿಕೊಳ್ಳುವುದು, ಇಬ್ಬರು ಮೂವರು ಓದುಗರು ಒಂದೇ ವಾಕ್ಯದಲ್ಲಿ ತಡವರಿಸಿದರೆ ಆ ವಾಕ್ಯವನ್ನು ಮತ್ತೆ ನೋಡುವುದು, ಒಬ್ಬರ ಅಭಿರುಚಿಗಾಗಿ ಕಥೆಯನ್ನು ಬಿಟ್ಟುಕೊಡದಿರುವುದು.

ಕರ್ನಾಟಕದ ಶಾಸನಗಳಲ್ಲಿ, ವೀರಗಲ್ಲುಗಳಲ್ಲಿ, ಕೈಫಿಯತ್ತುಗಳಲ್ಲಿ ಒಂದೆರಡು ಸಾಲುಗಳಲ್ಲಿ ಬಂದುಹೋಗುವ ಗಾಣಿಗರು, ಬೆಸ್ತರು, ಊಳಿಗದ ಹೆಂಗಸರು, ಹೆಸರಿಲ್ಲದ ಬಂಟರು ಅಸಂಖ್ಯ. ಅವರ ಕಥೆಗಳನ್ನು ಬರೆಯಲು ಹೊರಟ ಹೊಸಬರ ಮೊದಲ ಪುಟಗಳು ಒರಟಾಗಿಯೇ ಇರುತ್ತವೆ, ಪಾಠಪುಸ್ತಕದ ವಾಕ್ಯಗಳ ಅಡಿಯಲ್ಲಿ ಕಥೆಯ ಜೀವ ಹೂತುಹೋಗಿರುತ್ತದೆ. ಅಂತಹ ಪುಟವನ್ನು ಎರಡು ಸಲ ಓದಿ, ಜೀವವಿರುವ ವಾಕ್ಯವನ್ನು ಬೆರಳಿಟ್ಟು ತೋರಿಸಿ, ದಾಖಲೆಗೆ ವಿರುದ್ಧವಾದದ್ದನ್ನು ಆಧಾರದೊಡನೆ ತಿಳಿಸಿ, ಉಳಿದದ್ದನ್ನು ಲೇಖಕರಿಗೇ ಬಿಡುವ ಓದುಗರು ಇದ್ದ ಕಡೆ ಕಥೆಗಳು ಏಳನೆಯ ಅಧ್ಯಾಯವನ್ನು ದಾಟುತ್ತವೆ. ಹಾಗೆ ಓದಲು ಪಾಂಡಿತ್ಯಕ್ಕಿಂತ ಹೆಚ್ಚಾಗಿ ಬೇಕಾದದ್ದು ತಾಳ್ಮೆ ಮತ್ತು ಪ್ರಾಮಾಣಿಕತೆ. ಇವೆರಡೂ ಯಾವ ಓದುಗರೂ ಸಾಧಿಸಬಹುದಾದ ಗುಣಗಳಾದುದರಿಂದ, ಗೆಳೆಯರ ಹಸ್ತಪ್ರತಿಯನ್ನು ಕೈಗೆತ್ತಿಕೊಳ್ಳುವ ಪ್ರತಿಯೊಬ್ಬರೂ ಕನ್ನಡದ ಮುಂದಿನ ಐತಿಹಾಸಿಕ ಕಥೆಗೆ ಹೊಣೆಗಾರರು.